ಮನೆಯ ಪಿಯಾನೊಗೆ ಮಿತವ್ಯಯದ ಸ್ಪೀಕರ್: ಕಿವಿ ಕೇಳಿದ್ದನ್ನೇ ಕೈ ಕಲಿಯುತ್ತದೆ

ಕಳೆದ ವರ್ಷದ ಆಗಮನ ಕಾಲದ ಒಂದು ಭಾನುವಾರ. ನಮ್ಮ ಧರ್ಮಕೇಂದ್ರದ ಗಾಯನ ವೃಂದದಲ್ಲಿ ಕೀಬೋರ್ಡ್ ನುಡಿಸುವ ಹಿರಿಯರು ಊರಿನಲ್ಲಿರಲಿಲ್ಲ. ಅವರ ಸ್ಥಾನದಲ್ಲಿ ಕುಳಿತವಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು. ಮೆಲ್ಕಾರಿನ ನಮ್ಮ ಮನೆಯಲ್ಲಿ ಮೂರು ವಾರಗಳ ಕಾಲ ಜಪಸರ ಪ್ರಾರ್ಥನೆ ಮುಗಿದ ಮೇಲೆ ತಪ್ಪದೆ ಅಭ್ಯಾಸ ಮಾಡಿದ್ದ ಗೀತೆಗಳೇ ಅವು. ಆ ದಿನ ಒಂದು ಸ್ವರವೂ ತಪ್ಪಲಿಲ್ಲ. ಆದರೂ ಪ್ರವೇಶ ಗೀತೆಯ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹಾಡುವವರ ದನಿ ಆಕೆಯ ಎಡಗೈಯ ಗುಡುಗಿನಲ್ಲಿ ಮುಳುಗಿಹೋಗಿತ್ತು.

ಬಲಿಪೂಜೆ ಮುಗಿದ ಬಳಿಕ ವೃಂದವನ್ನು ನಡೆಸುವ ಮಾಸ್ತರರು ಆಕೆಯನ್ನು ಗದರಿಸಲಿಲ್ಲ. ಹತ್ತಿರ ಕರೆದು, "ಮಗಾ, ಮನೆಯಲ್ಲಿ ನುಡಿಸುವಾಗ ನಿನ್ನ ಎಡಗೈ ನಿನಗೆ ಕೇಳಿಸುತ್ತದೆಯೇ?" ಎಂದಷ್ಟೇ ವಿಚಾರಿಸಿದರು.

"ಇಲ್ಲ ಸರ್. ಜೋರಾಗಿ ಒತ್ತಿದರೆ ಮಾತ್ರ ಕೇಳಿಸುತ್ತದೆ" ಎಂದಳು.

ಮಾಸ್ತರರು ನನ್ನತ್ತ ತಿರುಗಿದರು. "ತಪ್ಪು ಹುಡುಗಿಯದಲ್ಲ ಮಾರಾಯರೇ, ನಿಮ್ಮ ಮನೆಯ ಸ್ಪೀಕರಿನದು" ಎಂದರು.

ಆ ಮಾತು ಹಾಸ್ಯಕ್ಕೆ ಹೇಳಿದ್ದಲ್ಲವೆಂಬುದು ನನಗೆ ಅರಿವಾಗಲು ಕೆಲವು ತಿಂಗಳುಗಳೇ ಬೇಕಾದವು. ಅಷ್ಟರೊಳಗೆ ಒಂದು ತಪ್ಪು ಖರೀದಿಯೂ ಆಗಿಹೋಗಿತ್ತು. ಮಕ್ಕಳಿಗೆ ಡಿಜಿಟಲ್ ಪಿಯಾನೊ ಕೊಡಿಸಿರುವ, ಅಥವಾ ಕೊಡಿಸಬೇಕೆಂದಿರುವ ಕುಟುಂಬಗಳಿಗೆ ಅದೇ ತಪ್ಪು ಮರುಕಳಿಸದಿರಲಿ ಎಂಬುದೇ ಈ ಬರಹದ ಉದ್ದೇಶ.

ಅರಮನೆಯಿಂದ ಅಂಗಳಕ್ಕೆ

ಪಿಯಾನೊ ನಮ್ಮ ದೇವಾಲಯಗಳೊಳಗೆ ಸಲೀಸಾಗಿ ಕಾಲಿಟ್ಟ ವಾದ್ಯವಲ್ಲ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನದಂದೇ, ಹತ್ತನೆಯ ಪಿಯುಸ್ ಜಗದ್ಗುರುಗಳು ಹೊರಡಿಸಿದ ಆದೇಶವು ದೇವಾಲಯದಲ್ಲಿ ಪಿಯಾನೊ ಬಳಸುವುದನ್ನು ನಿಷೇಧಿಸಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ದೈವಾರಾಧನಾ ಸಂವಿಧಾನವು ಕೊಳವೆ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಊರುಗಳಲ್ಲಿ ವಯೊಲಿನ್, ಹಾರ್ಮೋನಿಯಂಗಳ ಬಳಿ ಇಂದು ಕೀಬೋರ್ಡ್ ಬಂದು ಕುಳಿತಿದೆ.

ಕರ್ನಾಟಕದಲ್ಲಿ ಪಿಯಾನೊ ಎಂದೊಡನೆ ನೆನಪಾಗುವುದು ಮೈಸೂರು ಅರಮನೆ. 1919ರಿಂದ 1974ರವರೆಗೆ ಬದುಕಿದ್ದ ಜಯಚಾಮರಾಜ ಒಡೆಯರು ಕ್ರಮಬದ್ಧವಾಗಿ ಪಿಯಾನೊ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಡ್ಟ್ನರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಲು ಧನಸಹಾಯ ನೀಡಿದವರು. ಆ ಪಿಯಾನೊ ಲೋಕಕ್ಕೆ ತಲುಪಿದ್ದು ಗ್ರಾಮಫೋನಿನ ಪೆಟ್ಟಿಗೆಯ ಮೂಲಕವೇ. ಪೆಟ್ಟಿಗೆ ಎಷ್ಟು ಪ್ರಾಮಾಣಿಕವೋ ಅಷ್ಟೇ ಸಂಗೀತ ಕೇಳುಗನ ಪಾಲಿಗೆ ದಕ್ಕುತ್ತದೆ. ಈ ಮಾತು ಅಂದಿಗೂ ಸತ್ಯ, ಇಂದಿಗೂ ಸತ್ಯ.

ತಂತಿಯ ಪಿಯಾನೊ ನಮ್ಮ ಕರಾವಳಿಯ ಮನೆಗಳಿಗೆ ಒಗ್ಗುವ ವಸ್ತುವಲ್ಲ. ಬೆಲೆಯ ಮಾತು ಒಂದೆಡೆಯಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಜಾರುತ್ತದೆ, ಗೆದ್ದಲು ಹೊಂಚುಹಾಕುತ್ತದೆ. ಶ್ರುತಿ ಕೂಡಿಸಬಲ್ಲವರನ್ನು ದೂರದಿಂದ ಕರೆಸಬೇಕು. ಆದ್ದರಿಂದ 88 ಕೀಲಿಗಳ, ತೂಕದ ಸ್ಪರ್ಶವುಳ್ಳ ಡಿಜಿಟಲ್ ಪಿಯಾನೊ ಮಧ್ಯಮ ವರ್ಗದ ಮನೆಗಳಿಗೆ ನಿಜಕ್ಕೂ ವರವಾಗಿ ಬಂದಿದೆ. ಆದರೆ ಅದರ ಸ್ವರ ಹುಟ್ಟುವುದು ತಂತಿಯಲ್ಲಲ್ಲ, ಸ್ಪೀಕರಿನಲ್ಲಿ. ಸ್ಪೀಕರ್ ಬಡವಾದರೆ ಪಿಯಾನೊವೂ ಬಡವಾಗುತ್ತದೆ.

ಒಳಗಿನ ಸ್ಪೀಕರಿನ ಮಿತಿ

ಕಡಿಮೆ ಬೆಲೆಯ ಮಾದರಿಗಳಲ್ಲಿ ತಯಾರಕರು ಕೀಲಿಮಣೆಗೆ ಹಣ ಸುರಿಯುತ್ತಾರೆ, ಸ್ಪೀಕರಿನಲ್ಲಿ ಉಳಿಸುತ್ತಾರೆ. ಯಮಹಾ ಪಿ-45 ಮಾದರಿಯಲ್ಲಿರುವುದು ತಲಾ 6 ವಾಟಿನ ಎರಡು ಸ್ಪೀಕರು, ಕ್ಯಾಸಿಯೊ ಸಿಡಿಪಿ-ಎಸ್100ರಲ್ಲಿ ತಲಾ 8 ವಾಟ್, ರೋಲಂಡ್ ಎಫ್‌ಪಿ-30ಎಕ್ಸ್‌ನಲ್ಲಿ ತಲಾ 11 ವಾಟ್. ತೆಳ್ಳನೆಯ ಪ್ಲಾಸ್ಟಿಕ್ ಕವಚದೊಳಗೆ ಇವುಗಳಿಗೆ ಉಸಿರಾಡಲೂ ಜಾಗವಿಲ್ಲ. ಕೆಲವು ಮಾದರಿಗಳಲ್ಲಿ ಸ್ಪೀಕರಿನ ಮುಖ ನೆಲದ ಕಡೆಗಿರುತ್ತದೆ.

ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ಖರ್ಚಿಲ್ಲದ ಉಪಾಯವೊಂದನ್ನು ಪರೀಕ್ಷಿಸಿರಿ. ಪಿಯಾನೊವನ್ನು ಊಟದ ಮೇಜಿನ ಮೇಲೆ ಇಟ್ಟಿದ್ದರೆ ಕೆಳಮುಖದ ಸ್ಪೀಕರಿನ ಬಾಯಿ ಮುಚ್ಚಿದಂತಾಗಿರುತ್ತದೆ. ಅದನ್ನು ತೆರೆದ ಕಾಲುಗಳ ಸ್ಟ್ಯಾಂಡಿನ ಮೇಲಿರಿಸಿ ಗೋಡೆಯ ಹತ್ತಿರಕ್ಕೆ ಸರಿಸಿದರೆ ಮಂದ್ರ ಸ್ವರಗಳು ಸ್ವಲ್ಪ ತುಂಬಿಬರುತ್ತವೆ. ಎರಡನೆಯದಾಗಿ, ಒಳ್ಳೆಯ ಹೆಡ್‌ಫೋನ್ ಹಾಕಿ ಮಗುವಿಗೆ ಹತ್ತು ನಿಮಿಷ ನುಡಿಸಲು ಹೇಳಿರಿ. ಆಗ ಎಡಗೈ ಸ್ಪಷ್ಟವಾಗಿ ಕೇಳಿಸಿದರೆ ವಾದ್ಯದಲ್ಲಿ ದೋಷವಿಲ್ಲ, ಸ್ಪೀಕರಿನಲ್ಲೇ ಕೊರತೆಯಿದೆ ಎಂದು ತಿಳಿಯಬಹುದು. ನಾವು ಈ ಪರೀಕ್ಷೆ ಮಾಡಿದಾಗ ಮಗಳು ಹೆಡ್‌ಫೋನ್ ತೆಗೆದು, "ಪಪ್ಪಾ, ಇದರಲ್ಲಿ ಇಷ್ಟೆಲ್ಲ ಇತ್ತಾ?" ಎಂದು ಬೆರಗಾದಳು.

ಹೆಡ್‌ಫೋನನ್ನೇ ಸದಾ ಬಳಸಬಹುದಲ್ಲವೇ ಎಂದು ಕೇಳಬಹುದು. ಅಣ್ಣ ತಮ್ಮಂದಿರು ಪರೀಕ್ಷೆಗೆ ಓದುತ್ತಿರುವಾಗ, ರಾತ್ರಿ ಹೊತ್ತಾದಾಗ ಅದು ಉಪಕಾರಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಮಕ್ಕಳ ಕಿವಿಗೆ 75 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯೇ ಮಿತಿ. ದನಿ ಏರಿದಂತೆಲ್ಲ ಈ ಅವಧಿ ಬೇಗನೆ ಕುಗ್ಗುತ್ತದೆ. ಅಲ್ಲದೆ ಹೆಡ್‌ಫೋನಿನೊಳಗಿನ ಸಂಗೀತವನ್ನು ಮನೆಯವರು ಕೇಳುವುದಿಲ್ಲ. ಇತರರೊಡನೆ ಸೇರಿ ಹಾಡಿಗೆ ಜೊತೆಗೊಡಬೇಕಾದವರು ಕೋಣೆಯಲ್ಲಿ ತುಂಬುವ ನಾದಕ್ಕೆ ಕಿವಿಗೊಟ್ಟು ಕಲಿಯುವುದೇ ಲೇಸು.

ನಾನು ಮಾಡಿದ ತಪ್ಪು

ಮಾಸ್ತರರ ಮಾತು ಕೇಳಿದ ವಾರವೇ ನಾನು ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಸೊಂಟದೆತ್ತರದ, ಬಣ್ಣದ ದೀಪಗಳು ಕುಣಿಯುವ ಪೆಟ್ಟಿಗೆಯನ್ನು ತೋರಿಸಿದರು. ತಂತಿಯ ಗೊಡವೆಯಿಲ್ಲ, ಬ್ಲೂಟೂತ್ ಇದೆ, ರೋಸ್ ಸಮಾರಂಭಕ್ಕೂ ಆಗುತ್ತದೆ ಎಂದರು. ಒಂದು ಖರ್ಚಿನಲ್ಲಿ ಎರಡು ಕೆಲಸವೆಂದು ಹಿಗ್ಗಿ ಕಾರಿನಲ್ಲಿ ಹಾಕಿಕೊಂಡು ಬಂದೆ. ನಮ್ಮ ಪಿಯಾನೊದಲ್ಲಿ ಬ್ಲೂಟೂತ್ ಇರಲಿಲ್ಲ. ಅದಕ್ಕೆಂದು ಪುಟ್ಟ ಉಪಕರಣವೊಂದನ್ನೂ ಕೊಂಡೆ.

ಆ ರಾತ್ರಿ ಮಗಳು ಎರಡು ಸಾಲು ನುಡಿಸಿ ಕೈ ಹಿಂದೆಗೆದುಕೊಂಡಳು. ಬೆರಳು ಒತ್ತಿದ ಮೇಲೆ ಸ್ವರ ಕೇಳಿಸುತ್ತಿತ್ತು! ಸಾಮಾನ್ಯ ಬ್ಲೂಟೂತಿನಲ್ಲಿ ನಾದವನ್ನು ಕುಗ್ಗಿಸಿ, ಕಳುಹಿಸಿ, ಮತ್ತೆ ಬಿಡಿಸುವ ಕೆಲಸಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ ಸಮಯ ಹಿಡಿಯುತ್ತದೆ. ಹಾಡು ಕೇಳುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 34 ಮೀಟರ್ ಸಾಗುತ್ತದೆ. ಅಂದರೆ ಮಗು ಕೀಲಿ ಒತ್ತುವುದು ಇಲ್ಲಿ, ಪಿಯಾನೊ ಇರುವುದು ತೋಟದ ಆಚೆ ಬದಿಯಲ್ಲಿ ಎಂಬಂತಾಯಿತು. ತಾಳಜ್ಞಾನವಿರುವ ಮಗುವೇ ಇದರಿಂದ ಹೆಚ್ಚು ಕಂಗೆಡುತ್ತದೆ.

ತಂತಿ ಜೋಡಿಸಿದಾಗ ತಡವೇನೋ ನೀಗಿತು. ಆದರೆ ಬೇರೊಂದು ತೊಂದರೆ ಕಾಣಿಸಿತು. ಇಂತಹ ಸಮಾರಂಭದ ಪೆಟ್ಟಿಗೆಗಳು ಮಂದ್ರವನ್ನು ಬೇಕೆಂದೇ ಉಬ್ಬಿಸುತ್ತವೆ, ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಮೊದಲು ಎಡಗೈ ಕೇಳಿಸದೆ ಗುದ್ದುತ್ತಿದ್ದ ಮಗಳು ಈಗ ಎಡಗೈ ಅಬ್ಬರಿಸುವುದನ್ನು ಕಂಡು ಕೀಲಿಯನ್ನು ಮುಟ್ಟಲೂ ಅಂಜತೊಡಗಿದಳು. ಎರಡು ವಾರ ವಾದ್ಯದ ಮೇಲಿನ ಬಟ್ಟೆ ಸರಿಯಲಿಲ್ಲ. "ಇನ್ನು ನಾನು ಚರ್ಚಿನಲ್ಲಿ ನುಡಿಸುವುದಿಲ್ಲ" ಎಂದ ದಿನ ನನಗೆ ಕಣ್ಣು ತೆರೆಯಿತು. ಕಿವಿ ಕೇಳಿದ್ದನ್ನೇ ಕೈ ಕಲಿಯುತ್ತದೆ. ಸುಳ್ಳು ಹೇಳುವ ಸ್ಪೀಕರಿನ ಮುಂದೆ ದಿನವೂ ಒಂದು ಗಂಟೆ ಕುಳಿತ ಮಗು ಒಂದು ಗಂಟೆಯಷ್ಟು ತಪ್ಪನ್ನೇ ಅಭ್ಯಾಸ ಮಾಡುತ್ತದೆ.

ಯಾವುದನ್ನು ಆರಿಸಬೇಕು?

ನಮಗೆ ಬೇಕಾದುದು ವರ್ಧಕವನ್ನು ತನ್ನೊಳಗೇ ಇರಿಸಿಕೊಂಡ ಸ್ಪೀಕರ್. ಅಂಗಡಿಗಳಲ್ಲಿ ಇದನ್ನು ಪವರ್ಡ್ ಸ್ಪೀಕರ್ ಅಥವಾ ಆಕ್ಟಿವ್ ಸ್ಪೀಕರ್ ಎನ್ನುತ್ತಾರೆ. ಬೇರೆ ಆಂಪ್ಲಿಫೈಯರ್ ಬೇಕಿಲ್ಲ. ಪಿಯಾನೊದಿಂದ ತಂತಿ ಎಳೆದು ಜೋಡಿಸಿದರಾಯಿತು. ಇವುಗಳಲ್ಲಿ ಧ್ವನಿಮುದ್ರಣ ಮಾಡುವವರು ಬಳಸುವ ಸ್ಟುಡಿಯೊ ಮಾನಿಟರ್ ಎಂಬ ಬಗೆ ಮನೆಯ ಪಿಯಾನೊಗೆ ಹೆಚ್ಚು ಹೊಂದುತ್ತದೆ. ಇದ್ದುದನ್ನು ಇದ್ದಂತೆ ಕೇಳಿಸುವುದೇ ಅದರ ಧರ್ಮ.

ಮೊದಲನೆಯದಾಗಿ, ಗಾತ್ರ. ಪಿಯಾನೊದ ಎಡತುದಿಯ ಕೀಲಿ ಸೆಕೆಂಡಿಗೆ 27.5 ಬಾರಿ ಕಂಪಿಸುತ್ತದೆ, ಬಲತುದಿಯದು ಸುಮಾರು 4186 ಬಾರಿ. ಮೂರೂವರೆ ಇಂಚಿನ ಪುಟ್ಟ ಸ್ಪೀಕರ್ ಸುಮಾರು 80 ಕಂಪನದವರೆಗೆ ಮಾತ್ರ ಇಳಿಯಬಲ್ಲದು. ಲೆಕ್ಕ ಹಾಕಿದರೆ ಎಡಗಡೆಯ ಮೊದಲ 19 ಕೀಲಿಗಳ ಮೂಲ ಕಂಪನ ಅದಕ್ಕೆ ಎಟಕುವುದಿಲ್ಲ. ಇದರಿಂದ ಗಾಬರಿಪಡಬೇಕಿಲ್ಲ. ಮಂದ್ರ ತಂತಿಯ ನಾದದಲ್ಲಿ ಮೂಲಕ್ಕಿಂತ ಉಪಸ್ವರಗಳೇ ಹೆಚ್ಚು. ಅವನ್ನು ಕೇಳಿದ ಕಿವಿ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಅಲ್ಲದೆ ನಾಲ್ಕು ದನಿಗಳ ಭಕ್ತಿಗೀತೆಗಳಲ್ಲಿ ಕೆಳದನಿಯ ಗಂಡಸರು ಹಾಡುವ ಸಾಲು ಸಾಮಾನ್ಯವಾಗಿ ಆ 19 ಕೀಲಿಗಳ ಆಚೆಗೇ ನಿಲ್ಲುತ್ತದೆ. ಹಾಡಿಗೆ ಜೊತೆ ನುಡಿಸಲು ಕಲಿಯುವ ಮಗುವಿಗೆ ಮೂರೂವರೆ, ನಾಲ್ಕು ಇಂಚಿನದು ಸಾಕು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಶ್ರೇಣಿ ಪರೀಕ್ಷೆಗಳಲ್ಲಿ ಮುಂದಿನ ಮೆಟ್ಟಿಲುಗಳನ್ನು ಏರುವವರಿಗೆ, ಶಾಸ್ತ್ರೀಯ ಕೃತಿಗಳನ್ನು ನುಡಿಸುವವರಿಗೆ ಐದು ಇಂಚಿನದು ಉತ್ತಮ. ಅದು ಸುಮಾರು 45ರಿಂದ 55 ಕಂಪನದವರೆಗೆ ಇಳಿಯುತ್ತದೆ. ಎಂಟು ಇಂಚಿನದು ಹತ್ತಡಿ ಕೋಣೆಯಲ್ಲಿ ಉಪಕಾರಕ್ಕಿಂತ ಉಪದ್ರವವೇ ಸರಿ.

ಎರಡನೆಯದಾಗಿ, ವಾಟ್. ಗಲ್ಫ್‌ನಿಂದ ಟೇಪ್ ರೆಕಾರ್ಡರ್ ಬರುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯ ಮೇಲೆ ಸಾವಿರಾರು ವಾಟ್ ಪಿಎಂಪಿಒ ಎಂದು ಬರೆದಿರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಅಂಕಿಗೆ ಅರ್ಥವಿರಲಿಲ್ಲ. ಈಗಲೂ ಆರ್‌ಎಂಎಸ್ ಎಂದು ಬರೆದ ಅಂಕಿಯನ್ನೇ ನೋಡಬೇಕು. ವಾಟ್ ಎರಡು ಪಟ್ಟಾದರೆ ದನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ದನಿ ಇಮ್ಮಡಿಯಾದಂತೆ ತೋರಬೇಕಾದರೆ ವಾಟ್ ಸುಮಾರು ಹತ್ತು ಪಟ್ಟು ಬೇಕು. ಮನೆಯ ಕೋಣೆಗೆ ತಲಾ 20ರಿಂದ 40 ವಾಟ್ ಧಾರಾಳವಾಯಿತು.

ಮೂರನೆಯದಾಗಿ, ಒಂದಲ್ಲ, ಜೋಡಿ. ಡಿಜಿಟಲ್ ಪಿಯಾನೊದ ನಾದವನ್ನು ಎಡಬಲ ಎರಡು ಮೈಕುಗಳಲ್ಲಿ ಹಿಡಿದಿರುತ್ತಾರೆ. ಅವೆರಡನ್ನೂ ಒಂದೇ ಪೆಟ್ಟಿಗೆಗೆ ತುರುಕಿದರೆ ಕೆಲವು ಸ್ವರಗಳು ಪರಸ್ಪರ ತಿಂದುಹಾಕಿ ನಾದ ಸೊರಗುತ್ತದೆ. ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಚಿಕ್ಕವೇ ಮೇಲು.

ಬೆಲೆಯ ವಿಚಾರಕ್ಕೆ ಬಂದರೆ, ಮೂರೂವರೆ ಇಂಚಿನ ಸಾಧಾರಣ ಜೋಡಿ ಸುಮಾರು 10ರಿಂದ 15 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ; ಐದು ಇಂಚಿನದಕ್ಕೆ ಅದರ ಇಮ್ಮಡಿ ಹಿಡಿಯಬಹುದು. ಪ್ರಿಸೋನಸ್ ಎರಿಸ್ 3.5 ಮೊದಲನೆಯ ಬಗೆಗೆ ಉದಾಹರಣೆ, ಜೆಬಿಎಲ್ 305ಪಿ ಎರಡನೆಯದಕ್ಕೆ. ಕೆಲವು ಐದು ಇಂಚಿನ ಮಾನಿಟರುಗಳಿಗೆ ಅಂಗಡಿಯವರು ಒಂದರ ಬೆಲೆ ಹೇಳುತ್ತಾರೆ; ಜೋಡಿಯ ಬೆಲೆಯೋ ಒಂದರದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿರಿ. ಪಿಯಾನೊದ ಬೆಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಸ್ಪೀಕರಿಗೆ ಸುರಿಯಬಾರದೆಂಬುದು ನಾನು ಕಂಡುಕೊಂಡ ನಿಯಮ. ಅದಕ್ಕೂ ಹೆಚ್ಚು ಹಣವಿದ್ದರೆ ಮುಂದೊಮ್ಮೆ ಉತ್ತಮ ವಾದ್ಯಕ್ಕೆಂದು ಕೂಡಿಡುವುದೇ ಜಾಣತನ. ಮನೆಯಲ್ಲಿ ಈಗಾಗಲೇ ಒಳ್ಳೆಯ ಸ್ಟೀರಿಯೊ ಇದ್ದರೆ ಅದರ ಆಕ್ಸ್ ರಂಧ್ರಕ್ಕೆ ಜೋಡಿಸಿ ನೋಡಿರಿ. ಕೆಲವರಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಅಂಗಡಿಗೆ ಮಗುವನ್ನೂ ಕರೆದೊಯ್ಯಿರಿ. ಅಲ್ಲಿ ಸಿನಿಮಾ ಹಾಡು ಹಾಕಿ ಕೇಳಿಸಿದರೆ ಒಪ್ಪದೆ, ಅಲ್ಲಿರುವ ಯಾವುದಾದರೂ ಡಿಜಿಟಲ್ ಪಿಯಾನೊಗೆ ಜೋಡಿಸಿಕೊಡಲು ವಿನಂತಿಸಿರಿ. ಮಗು ಒಂದೇ ಗೀತೆಯನ್ನು ಮೊದಲು ಅತಿ ಮೆಲ್ಲನೆ, ಬಳಿಕ ಗಟ್ಟಿಯಾಗಿ ನುಡಿಸಲಿ. ಮೆಲುದನಿಯಲ್ಲೂ ಎಡಗೈ ಕೇಳಿಸಬೇಕು, ಗಟ್ಟಿದನಿಯಲ್ಲೂ ಬಲಗೈ ಮುಳುಗಬಾರದು. ಯಾರೂ ನುಡಿಸದಿದ್ದಾಗ ಸ್ಪೀಕರಿನಿಂದ ಸುಯ್ಯೆನ್ನುವ ಸದ್ದು ಎಷ್ಟಿದೆಯೆಂಬುದನ್ನೂ ಕಿವಿಯಿಟ್ಟು ಆಲಿಸಿರಿ.

ಜೋಡಣೆಯ ಗುಟ್ಟು

ಕೆಲವು ಪಿಯಾನೊಗಳಲ್ಲಿ ಸ್ಪೀಕರಿಗೆಂದೇ ಎಡಬಲ ಎರಡು ರಂಧ್ರಗಳಿರುತ್ತವೆ. ರೋಲಂಡ್ ಎಫ್‌ಪಿ-30ಎಕ್ಸ್ ಅಂತಹದು. ಯಮಹಾ ಪಿ-45ರಲ್ಲಿ ದೊಡ್ಡ ಗಾತ್ರದ, ಕ್ಯಾಸಿಯೊ ಸಿಡಿಪಿ-ಎಸ್100ರಲ್ಲಿ ಚಿಕ್ಕ ಗಾತ್ರದ ಹೆಡ್‌ಫೋನ್ ರಂಧ್ರವೊಂದೇ ದಾರಿ. ಅದರಿಂದ ಹೊರಟು ಎರಡಾಗಿ ಕವಲೊಡೆಯುವ ತಂತಿ ಬೇಕು. ಅಂಗಡಿಗೆ ಹೊರಡುವ ಮುನ್ನ ಪಿಯಾನೊದ ಹಿಂಬದಿಯನ್ನೂ ಆಮೇಲೆ ಸ್ಪೀಕರಿನ ಹಿಂಬದಿಯನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದರೆ ತಪ್ಪು ತಂತಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಮೊದಲು ಪಿಯಾನೊವನ್ನು ಚಾಲೂ ಮಾಡಿ ಕೊನೆಗೆ ಸ್ಪೀಕರನ್ನು ಚಾಲೂ ಮಾಡಬೇಕು. ನಿಲ್ಲಿಸುವಾಗ ಮೊದಲು ಸ್ಪೀಕರ್. ಇಲ್ಲವಾದರೆ ಬರುವ ಡಬ್ ಎಂಬ ಹೊಡೆತ ಸ್ಪೀಕರಿಗೆ ಒಳಿತಲ್ಲ. ಪಿಯಾನೊದ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇರಿಸಿ, ಉಳಿದುದನ್ನು ಸ್ಪೀಕರಿನಲ್ಲಿ ಹೊಂದಿಸಿದರೆ ಸುಯ್ಯೆನ್ನುವ ಸದ್ದು ಕಡಿಮೆಯಾಗುತ್ತದೆ.

ಸ್ಪೀಕರುಗಳು ಕುಳಿತ ಮಗುವಿನ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರು, ಒಂದು ತಲೆ, ಇವು ಮೂರೂ ಸಮತ್ರಿಕೋನದ ಮೂಲೆಗಳಂತಿರಲಿ. ಗೋಡೆಯಿಂದ ಒಂದಡಿಯಾದರೂ ದೂರವಿರಲಿ. ಮೂಲೆಗೆ ತಳ್ಳಿದರೆ ಮಂದ್ರ ಉಬ್ಬುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ನಾದ ಅಷ್ಟಾಗಿ ಪ್ರತಿಧ್ವನಿಸುವುದಿಲ್ಲ. ತಾರಸಿಯ ಹೊಸ ಮನೆಗಳಲ್ಲಿ, ನುಣುಪು ಟೈಲ್ಸ್ ನೆಲದ ಮೇಲೆ, ಅದು ಅತ್ತಿಂದಿತ್ತ ಪುಟಿಯುತ್ತದೆ. ನೆಲಕ್ಕೊಂದು ಚಾಪೆ, ಕಿಟಕಿಗೆ ದಪ್ಪ ಪರದೆ, ಗೋಡೆಗೊಂದು ಪುಸ್ತಕದ ಕಪಾಟು, ಇಷ್ಟು ಸಾಕು.

ಮಿಂಚು, ಮಳೆ, ವಿದ್ಯುತ್

ಬಂಟ್ವಾಳ ಸೀಮೆಯ ಏಪ್ರಿಲ್, ಮೇ ತಿಂಗಳ ಸಂಜೆಗಳ ಸಿಡಿಲು, ಮಳೆಗಾಲ ಹಿಂದೆ ಸರಿಯುವಾಗಿನ ಅಕ್ಟೋಬರಿನ ಸಿಡಿಲು ಎಲ್ಲರಿಗೂ ಪರಿಚಿತ. ದೂರದಲ್ಲಿ ಗುಡುಗು ಕೇಳಿದೊಡನೆ ಪಿಯಾನೊ, ಸ್ಪೀಕರುಗಳ ಪ್ಲಗ್ಗನ್ನೇ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಪಿಯಾನೊ, ಸ್ಪೀಕರ್ ಎಲ್ಲವನ್ನೂ ಒಂದೇ ಬೋರ್ಡಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಬಹುಮಟ್ಟಿಗೆ ತಪ್ಪುತ್ತದೆ. ಆ ಸದ್ದನ್ನು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಸಾಹಸವನ್ನು ಯಾರೂ ಮಾಡಬಾರದು. ಅದು ಪ್ರಾಣಕ್ಕೇ ಎರವಾಗಬಹುದು. ಅಗ್ಗದ ಇನ್ವರ್ಟರಿನಲ್ಲಿ ನುಡಿಸುವಾಗ ಸದ್ದು ಹೆಚ್ಚುವುದುಂಟು. ವಿದ್ಯುತ್ ಮರಳುವ ತನಕ ಹೆಡ್‌ಫೋನಿನಲ್ಲಿ ಅಭ್ಯಾಸ ನಡೆಯಲಿ. ಮಳೆಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಉಪಕರಣವನ್ನು ಚಾಲೂ ಮಾಡಿ ಬೆಚ್ಚಗಾಗಿಸಿದರೆ ಒಳಗೆ ತೇವ ನಿಲ್ಲುವುದಿಲ್ಲ. ದಿನವೂ ಅಭ್ಯಾಸ ಮಾಡುವ ಮನೆಯಲ್ಲಿ ಈ ಚಿಂತೆಯೇ ಇಲ್ಲ.

ಕೊನೆಗೆ ನಮ್ಮ ಮನೆಗೆ ಬಂದದ್ದು ಮೂರೂವರೆ ಇಂಚಿನ ಒಂದು ಜೋಡಿ. ದೀಪಗಳು ಕುಣಿಯುವ ಪೆಟ್ಟಿಗೆಯನ್ನು ನಷ್ಟಕ್ಕೆ ಮಾರಿದೆ. ನನ್ನ ಅವಸರಕ್ಕೆ ತೆತ್ತ ದಂಡವೆಂದು ಆ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಮೊದಲ ವಾರ ಮಗಳು ಹೊಸ ಗೀತೆ ಯಾವುದನ್ನೂ ನುಡಿಸಲಿಲ್ಲ. ಆಗಮನ ಕಾಲದ ಅದೇ ಪ್ರವೇಶ ಗೀತೆಯನ್ನು ಎಡಗೈಯಿಂದ ಮಾತ್ರ, ಮೆಲ್ಲಗೆ, ಮತ್ತೆ ಮತ್ತೆ ನುಡಿಸಿದಳು. ಅಡುಗೆಮನೆಯಿಂದ ಆಕೆಯ ತಾಯಿ ಮೇಲಿನ ಸಾಲನ್ನು ಗುನುಗತೊಡಗಿದಳು. ತಾಯಿಯ ದನಿ ಮುಳುಗದಂತೆ ಎಡಗೈ ತಾನೇ ತಗ್ಗಿತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ವರ್ಷದ ಪಾಸ್ಖ ಹಬ್ಬದಂದು ಆಕೆ ಮತ್ತೆ ಕೀಬೋರ್ಡಿನ ಮುಂದೆ ಕುಳಿತಳು. ಪೂಜೆಯ ಬಳಿಕ ಮಾಸ್ತರರು ಹತ್ತಿರ ಬಂದು, "ಇಂದು ಕೀಬೋರ್ಡ್ ಇದ್ದುದೇ ಗೊತ್ತಾಗಲಿಲ್ಲ, ಜನರೆಲ್ಲ ಹಾಡಿದರು" ಎಂದರು. ಗಾಯನ ವೃಂದದಲ್ಲಿ ನುಡಿಸುವವರಿಗೆ ಇದಕ್ಕಿಂತ ಹಿರಿದಾದ ಹೊಗಳಿಕೆ ಇಲ್ಲವೆಂಬುದು ಆಕೆಗೂ ತಿಳಿದಿತ್ತು.